ಅಕ್ಷರ ಮತ್ತು ಧ್ವನಿ: ಮಗುವಿಗೆ ಓದು ಕಲಿಸಲು ಯಾವ ಪದ್ಧತಿಯನ್ನು ಆರಿಸಿಕೊಳ್ಳಬೇಕು?

ಓದು ಕಲಿಸುವ ಪದ್ಧತಿಗಳನ್ನು ಹೋಲಿಸಿ ನೋಡುವ ಹಿರಿಯರು ಸಾಮಾನ್ಯವಾಗಿ ಪುಸ್ತಕದ ಚಿತ್ರಗಳನ್ನೋ, ಹಾಡುಗಳನ್ನೋ, ಇಷ್ಟು ವಾರಗಳಲ್ಲಿ ಮಗು ಓದುತ್ತದೆ ಎಂಬ ಭರವಸೆಯನ್ನೋ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ನಾನು ಇಟ್ಟುಕೊಂಡಿರುವ ಅಳತೆಗೋಲು ಬೇರೆ. ಈ ಪದ್ಧತಿಯಲ್ಲಿ ಕಲಿತ ಮಗು ಹಿಂದೆಂದೂ ಕಾಣದ ಪದವೊಂದು ಎದುರಾದಾಗ ಏನು ಮಾಡುತ್ತದೆ? ಚಿತ್ರದ ಕಡೆ ಕಣ್ಣು ಹಾಯಿಸುತ್ತದೆಯೇ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತದೆಯೇ, ಹೇಳಿಕೊಡಲೆಂದು ನಮ್ಮ ಮುಖ ನೋಡುತ್ತದೆಯೇ, ಅಥವಾ ಅಕ್ಷರಗಳ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಧ್ವನಿಗಳನ್ನು ಕೂಡಿಸುತ್ತಾ ಹೋಗುತ್ತದೆಯೇ? ಮುಂದೆ ಬರುವ ಎಲ್ಲ ಹೋಲಿಕೆಗಳಿಗೂ ಇದೇ ಪ್ರಶ್ನೆ ಆಧಾರ.

ಬರಹದ ಅಕ್ಷರಕ್ಕೂ ಮಾತಿನ ಧ್ವನಿಗೂ ಇರುವ ನಂಟನ್ನು ನೇರವಾಗಿ, ಕ್ರಮಬದ್ಧವಾಗಿ ಕಲಿಸುವುದನ್ನು ಈಗ ಎಲ್ಲರೂ ಫೋನಿಕ್ಸ್ ಎಂದೇ ಕರೆಯುತ್ತಾರೆ. ಆದರೆ ಆ ಒಂದೇ ಹೆಸರಿನಡಿ ಪರಸ್ಪರ ಹೊಂದದ ಹಲವು ಪದ್ಧತಿಗಳು ನಡೆಯುತ್ತಿವೆ. ಇಂಗ್ಲಿಷಿಗಾಗಿ ರೂಪುಗೊಂಡದ್ದನ್ನು ಕನ್ನಡದ ಮೇಲೆ ಹಾಗೆಯೇ ಹೇರುವವರೂ ಇದ್ದಾರೆ, ಕನ್ನಡ ಕಲಿಸಿದ ರೀತಿಯಲ್ಲೇ ಇಂಗ್ಲಿಷನ್ನು ಕಲಿಸಲು ಹೊರಡುವವರೂ ಇದ್ದಾರೆ. ಕನ್ನಡ ಮಾತನಾಡುವ ಮನೆಯ ಮಗು ಬಹುಮಟ್ಟಿಗೆ ಈ ಎರಡೂ ಲಿಪಿಗಳನ್ನು ಎದುರಿಸುವುದರಿಂದ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡುವುದು ಒಳ್ಳೆಯದು.

ಇಂಗ್ಲಿಷ್ ಓದಿಗೆ ಇರುವ ದಾರಿಗಳು

ಎಲ್ಲಕ್ಕಿಂತ ಹಳೆಯದು ಅಕ್ಷರದ ಹೆಸರುಗಳನ್ನು ಹೇಳಿಸಿ ಪದ ಹೇಳಿಸುವ ಪದ್ಧತಿ: 'ಸಿ, ಎ, ಟಿ, ಕ್ಯಾಟ್'. ಈ ಮೂರು ಹೆಸರುಗಳನ್ನು ಎಷ್ಟು ಬೇಗ ಒಟ್ಟಿಗೆ ಹೇಳಿದರೂ 'ಸೀಯೇಟೀ' ಆದೀತೇ ಹೊರತು 'ಕ್ಯಾಟ್' ಆಗುವುದಿಲ್ಲ. ಎಚ್ ಎಂಬ ಹೆಸರಿನಲ್ಲಿ 'ಹ್' ಧ್ವನಿಯೇ ಇಲ್ಲ, ಡಬ್ಲ್ಯು ಎಂದಾಗ ಕಿವಿಗೆ ಮೊದಲು ಬೀಳುವುದು 'ಡ್'. ಕನ್ನಡದಲ್ಲಿ ಓದು ಕಲಿತ ನಮಗೆ ಈ ತೊಡಕು ತಟ್ಟನೆ ಹೊಳೆಯುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಧ್ವನಿಯೂ ಒಂದೇ. 'ಮ', 'ರ' ಎಂದು ಹೆಸರು ಹೇಳಿದರೆ 'ಮರ' ತಾನಾಗಿಯೇ ಬರುತ್ತದೆ. ಆ ಅಭ್ಯಾಸಬಲದಿಂದಲೇ ಅನೇಕರು ಇಂಗ್ಲಿಷಿನ 26 ಹೆಸರುಗಳನ್ನು ಬಾಯಿಪಾಠ ಮಾಡಿಸಿ, ಇನ್ನು ಮಗು ಓದಬೇಕು ಎಂದು ಕಾಯುತ್ತಾರೆ. ಅಕ್ಷರದ ಹೆಸರುಗಳು ಮುಂದೆ ಕಾಗುಣಿತ ಹೇಳಲು ಬೇಕೇ ಬೇಕು, ಆದರೆ ಓದಿನ ಮೊದಲ ಮೆಟ್ಟಿಲಾಗಿ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ.

ಎರಡನೆಯದು ಇಡೀ ಪದವನ್ನು ಚಿತ್ರದಂತೆ ಗುರುತಿಸುವ 'ನೋಡಿ ಹೇಳು' ಪದ್ಧತಿ. ಇದರ ಆರಂಭ ಬಹಳ ಚೆಲುವಾಗಿರುತ್ತದೆ. ಮೂರು ವರ್ಷದ ಮಗು ಇಪ್ಪತ್ತು ಚೀಟಿಗಳನ್ನು ತಪ್ಪಿಲ್ಲದೆ ಹೇಳಿದಾಗ ನೋಡುವವರಿಗೆ ಅದು ಓದಿದಂತೆಯೇ ಕಾಣುತ್ತದೆ. ಪದಗಳ ಸಂಖ್ಯೆ ಬೆಳೆದಂತೆ ಆಕಾರಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಇಂಗ್ಲಿಷಿನಲ್ಲಿ 'ಹೌಸ್' ಮತ್ತು 'ಹಾರ್ಸ್' ಪದಗಳಿಗಿರುವ ವ್ಯತ್ಯಾಸ ನಡುವಿನ ಒಂದೇ ಅಕ್ಷರದ್ದು. ಹೊಸ ಪದ ಬಂದಾಗಲಂತೂ ಈ ಮಗುವಿಗೆ ಕೇಳುವುದರ ಹೊರತು ಬೇರೆ ಉಪಾಯವಿಲ್ಲ.

ಮೂರನೆಯದು ಕಥೆಯ ಸಂದರ್ಭ, ಚಿತ್ರ, ಮೊದಲ ಅಕ್ಷರ ಇವುಗಳ ಸುಳಿವಿನಿಂದ ಪದವನ್ನು ಊಹಿಸಲು ಕಲಿಸುವುದು. 1967ರಲ್ಲಿ ಅಮೆರಿಕದ ಕೆನೆತ್ ಗುಡ್‌ಮನ್ ಓದನ್ನು ಒಂದು ಬಗೆಯ ಊಹೆಯ ಆಟವೆಂದು ವಿವರಿಸಿದ ನಂತರ ಈ ವಿಚಾರ ಇಂಗ್ಲಿಷ್ ಕಲಿಸುವ ದೇಶಗಳಲ್ಲಿ ದಶಕಗಳ ಕಾಲ ಬೇರೂರಿತು. ಓದುವಾಗಿನ ಕಣ್ಣಿನ ಚಲನೆಯನ್ನು ದಾಖಲಿಸಿದ ಅಧ್ಯಯನಗಳು ಇದನ್ನು ಬೆಂಬಲಿಸಲಿಲ್ಲ. ಪಳಗಿದ ಓದುಗರ ಕಣ್ಣು ಬಹುತೇಕ ಪ್ರತಿ ಮುಖ್ಯ ಪದದ ಮೇಲೂ ನಿಲ್ಲುತ್ತದೆ. ಪದವನ್ನು ಗುರುತಿಸಲು ಸಂದರ್ಭದ ಊಹೆಯನ್ನು ಹೆಚ್ಚಾಗಿ ನೆಚ್ಚುವವರು ಓದಿನಲ್ಲಿ ಹಿಂದುಳಿದವರೇ. ಊಹೆ ಎಷ್ಟು ಸಲೀಸಾಗಿ ಓದಿನ ವೇಷ ಹಾಕುತ್ತದೆಂಬುದನ್ನು ನಾನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ. 'ಕತ್ತೆ ಓಡಿತು' ಎಂಬ ಸಾಲಿನ ಮೇಲೆ ಕುದುರೆಯಂತೆ ಕಾಣುವ ಚಿತ್ರವಿತ್ತು. ಹುಡುಗಿ ಒಂದು ಕ್ಷಣವೂ ತಡವರಿಸದೆ 'ಕುದುರೆ ಓಡಿತು' ಎಂದಳು. ಚಿತ್ರವನ್ನು ಅಂಗೈಯಿಂದ ಮುಚ್ಚಿದ ಮೇಲೆ ಅದೇ ಸಾಲು ಅವಳಿಗೆ ಓದಲಾಗಲಿಲ್ಲ.

ಉಳಿದ ಎರಡು ದಾರಿಗಳು ಮಾತ್ರ ನಿಜವಾದ ಅರ್ಥದಲ್ಲಿ ಫೋನಿಕ್ಸ್. ಅವುಗಳಲ್ಲಿ ಒಂದು ಬಿಡಿಸುವ ಪದ್ಧತಿ, ಅಂದರೆ ವಿಶ್ಲೇಷಣೆಯದು. ಮಗುವಿಗೆ ಮೊದಲು ಪರಿಚಿತ ಪದಗಳನ್ನು ಕೊಟ್ಟು, 'ಪೆನ್, ಪಿಗ್, ಪಾಟ್' ಮೂರರಲ್ಲೂ ಮೊದಲು ಕೇಳುವುದು 'ಪ್' ಎಂದು ಕಂಡುಕೊಳ್ಳಲು ನೆರವಾಗುತ್ತಾರೆ, ಅಥವಾ 'ಕ್ಯಾಟ್, ಮ್ಯಾಟ್, ಹ್ಯಾಟ್' ಎಂಬ ಪ್ರಾಸದ ಕುಟುಂಬಗಳನ್ನು ಕಟ್ಟುತ್ತಾರೆ. ಇನ್ನೊಂದು ಕೂಡಿಸುವ ಪದ್ಧತಿ, ಅಂದರೆ ಸಂಶ್ಲೇಷಣೆಯದು. ಇದರಲ್ಲಿ ಬಿಡಿ ಧ್ವನಿಗಳನ್ನು ಮೊದಲು ಕಲಿಸಿ, ನಾಲ್ಕಾರು ಅಕ್ಷರಗಳು ಕೈಗೆ ಬಂದ ಕೂಡಲೇ ಕೂಡಿಸಿ ಓದಿಸುತ್ತಾರೆ. ಅನೇಕ ಪಾಠಕ್ರಮಗಳು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಆರಂಭಿಸುವುದಕ್ಕೆ ಕಾರಣವಿದೆ: ಈ ಆರರಿಂದಲೇ 'ಸಿಟ್, ಪಿನ್, ಟಿನ್, ಟ್ಯಾಪ್, ನಿಪ್, ಪ್ಯಾಟ್' ಮುಂತಾದ ಡಜನ್‌ಗಟ್ಟಲೆ ಪದಗಳಾಗುತ್ತವೆ, ಮತ್ತು ಇವುಗಳಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳಿಲ್ಲ. ಬಿ ಮತ್ತು ಡಿ ಅಕ್ಷರಗಳನ್ನು ಒಟ್ಟೊಟ್ಟಿಗೆ ಕಲಿಸುವ ಪಾಠಕ್ರಮವನ್ನು ಕಂಡರೆ ಅದನ್ನು ರೂಪಿಸಿದವರು ಮಕ್ಕಳೊಂದಿಗೆ ಕುಳಿತವರಲ್ಲ ಎಂದು ನಾನು ಅಂದುಕೊಳ್ಳುತ್ತೇನೆ.

ಸಂಶೋಧನೆ ಎಲ್ಲಿಯವರೆಗೆ ಜೊತೆ ಬರುತ್ತದೆ

ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಎಂಬ ತಜ್ಞರ ಸಮಿತಿ 2000ರಲ್ಲಿ ಪ್ರಕಟಿಸಿದ ವರದಿಯು ಫೋನಿಕ್ಸ್ ಕುರಿತ 38 ಅಧ್ಯಯನಗಳಲ್ಲಿನ 66 ಹೋಲಿಕೆಗಳನ್ನು ಒಟ್ಟುಗೂಡಿಸಿ ನೋಡಿತು. ಕ್ರಮಬದ್ಧವಾಗಿ ಅಕ್ಷರ–ಧ್ವನಿ ಕಲಿಸಿದ ಗುಂಪುಗಳಿಗೆ ಸಿಕ್ಕ ಅನುಕೂಲದ ಸರಾಸರಿ ಪ್ರಮಾಣ 0.41 ಎಂದು ಅದು ಲೆಕ್ಕ ಹಾಕಿತು (ಎರಡು ಗುಂಪುಗಳ ನಡುವಿನ ಅಂತರವನ್ನು ಅಳೆಯುವ ಸಂಖ್ಯೆ ಇದು; ಸೊನ್ನೆ ಎಂದರೆ ಅಂತರವೇ ಇಲ್ಲ). ಶಾಲೆಯ ಮೊದಲೆರಡು ವರ್ಷಗಳಲ್ಲೇ ಆರಂಭಿಸಿದಾಗ ಅದು 0.55, ತಡವಾಗಿ ಆರಂಭಿಸಿದಾಗ 0.27. ಇದು ಪದ್ಧತಿಯೇ ಇಲ್ಲದ ಕಲಿಕೆ ಅಥವಾ ಇಡೀ ಪದದ ಕಲಿಕೆಯ ಎದುರು ಫೋನಿಕ್ಸಿನ ಗೆಲುವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಕೂಡಿಸುವ ಪದ್ಧತಿಗೂ ಪ್ರಾಸದ ಕುಟುಂಬಗಳಂಥ ದೊಡ್ಡ ತುಣುಕುಗಳನ್ನು ಬಳಸುವ ಪದ್ಧತಿಗೂ ನಡುವೆ ಕಂಡ ವ್ಯತ್ಯಾಸ, ಅಂದರೆ 0.45 ಮತ್ತು 0.34ರ ನಡುವಿನ ಅಂತರ, ಅಂಕಿಅಂಶದ ಲೆಕ್ಕದಲ್ಲಿ ನೆಚ್ಚುವಷ್ಟು ದೊಡ್ಡದಾಗಿರಲಿಲ್ಲ. ಕೂಡಿಸುವ ಪದ್ಧತಿಯೊಂದೇ ವೈಜ್ಞಾನಿಕ ಎಂದು ಘೋಷಿಸುವ ಪ್ರಚಾರಪತ್ರಗಳು ಈ ಭಾಗವನ್ನು ಉಲ್ಲೇಖಿಸುವುದಿಲ್ಲ.

ಸ್ಕಾಟ್ಲೆಂಡಿನ ಕ್ಲಾಕ್‌ಮನ್ನನ್‌ಷೈರ್‌ನಲ್ಲಿ ರೋನಾ ಜಾನ್‌ಸ್ಟನ್ ಮತ್ತು ಜಾಯ್ಸ್ ವಾಟ್ಸನ್ ಏಳು ವರ್ಷಗಳ ಕಾಲ ನಡೆಸಿದ ಅಧ್ಯಯನದ ವರದಿ 2005ರಲ್ಲಿ ಬಂದಿತು. ಕೂಡಿಸುವ ಪದ್ಧತಿಯಲ್ಲಿ ಕಲಿತ ಮಕ್ಕಳು ಪ್ರಾಥಮಿಕ ಶಾಲೆಯ ಕೊನೆಯಲ್ಲಿ ಬಿಡಿ ಪದಗಳನ್ನು ಓದುವುದರಲ್ಲಿ ತಮ್ಮ ವಯಸ್ಸಿಗಿಂತ ಮೂರೂವರೆ ವರ್ಷ ಮುಂದಿದ್ದರು; ಓದಿದ್ದನ್ನು ಅರ್ಥಮಾಡಿಕೊಳ್ಳುವುದರಲ್ಲಿ ಮುಂದಿದ್ದದ್ದು ಕೇವಲ ಮೂರೂವರೆ ತಿಂಗಳು. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ಕಂಡಿದ್ದರು: ಅಕ್ಷರಗಳಿಂದ ಪದವನ್ನು ಹೊರಡಿಸುವ ಶಕ್ತಿ ಗುಣಿಸು ಮಾತನ್ನು ಕೇಳಿ ತಿಳಿಯುವ ಶಕ್ತಿ. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಫೋನಿಕ್ಸ್ ತುಂಬಿಕೊಡುವುದು ಮೊದಲನೆಯದನ್ನು ಮಾತ್ರ. ಎರಡನೆಯದು ಬರುವುದು ಮಾತಿನಿಂದ, ಗಟ್ಟಿಯಾಗಿ ಓದಿ ಹೇಳಿದ ಕಥೆಗಳಿಂದ, ಮಗುವಿನ ಪ್ರಶ್ನೆಗಳಿಗೆ ನಾವು ಕೊಡುವ ಉತ್ತರಗಳಿಂದ.

ಇಷ್ಟಾದರೂ ಇಂಗ್ಲಿಷಿಗೆ ನಾನು ಆರಿಸಿಕೊಳ್ಳುವುದು ಕೂಡಿಸುವ ಪದ್ಧತಿಯನ್ನೇ. ಕಾರಣ ಸಂಶೋಧನೆಯ ಅಂತರಕ್ಕಿಂತ ಹೆಚ್ಚಾಗಿ ಕಲಿಯುವ ಮಗುವಿಗೆ ಸಂಬಂಧಿಸಿದ್ದು. ಬಿಡಿಸುವ ಪದ್ಧತಿಯು ಮಗುವಿಗೆ ಆ ಭಾಷೆಯ ನೂರಾರು ಪದಗಳು ಬಾಯಿಮಾತಿನಲ್ಲಿ ಈಗಾಗಲೇ ಬರುತ್ತವೆ ಎಂದು ಭಾವಿಸಿಕೊಂಡು ಹೊರಡುತ್ತದೆ. ಇಂಗ್ಲಿಷ್ ಮನೆಮಾತಾಗಿರುವ ಮಗುವಿಗೆ ಅದು ಸಲ್ಲುತ್ತದೆ. ಕನ್ನಡ ಮನೆಮಾತಿನ ಮಗುವಿಗೆ 'ಪಿಗ್' ಮತ್ತು 'ಪೆನ್' ಒಂದೇ ಧ್ವನಿಯಿಂದ ಆರಂಭವಾಗುತ್ತವೆ ಎಂದು ತೋರಿಸುವ ಮೊದಲು 'ಪಿಗ್' ಎಂದರೇನೆಂದು ಹೇಳಬೇಕಾಗುತ್ತದೆ, ಅಷ್ಟರಲ್ಲಿ ಪಾಠ ಬೇರೆ ದಾರಿ ಹಿಡಿದಿರುತ್ತದೆ. ಪ್ರಾಸದ ಕುಟುಂಬಗಳನ್ನು ಪೂರ್ತಿ ಬಿಡಬೇಕೆಂದಿಲ್ಲ. ಮೂರಕ್ಷರದ ಪದಗಳನ್ನು ಕೂಡಿಸಲು ಬಂದ ಮೇಲೆ ವೇಗ ತರಲು ಅವು ಬಹಳ ಉಪಯುಕ್ತ.

ಅವಧಿಯ ಬಗೆಗೂ ಒಂದು ಮಾತು. 2003ರಲ್ಲಿ ಪ್ರಕಟವಾದ, ಫಿಲಿಪ್ ಸೆಮೂರ್ ಮತ್ತು ಸಂಗಡಿಗರ ಅಧ್ಯಯನ ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿತ್ತು. ಮೊದಲ ವರ್ಷದ ಕೊನೆಗೆ ಫಿನ್ನಿಷ್, ಗ್ರೀಕ್, ಇಟಾಲಿಯನ್ ಮಕ್ಕಳು ಪರಿಚಿತ ಪದಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚನ್ನು ಸರಿಯಾಗಿ ಓದಿದರೆ, ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳು ಓದಿದ್ದು ಸುಮಾರು 34. ಆ ಮಕ್ಕಳಲ್ಲಿ ಕೊರತೆಯೇನಿರಲಿಲ್ಲ. ಸುಮಾರು 44 ಧ್ವನಿಗಳನ್ನು 26 ಅಕ್ಷರಗಳಲ್ಲಿ ಹತ್ತಾರು ಬಗೆಯಾಗಿ ಬರೆಯುವ ಭಾಷೆಯದೇ ಆ ಭಾರ. ಹನ್ನೆರಡು ವಾರಗಳಲ್ಲಿ ಇಂಗ್ಲಿಷ್ ಓದಿಸುತ್ತೇವೆ ಎನ್ನುವ ತರಗತಿಯನ್ನು ಆರಿಸುವ ಮೊದಲು ಈ ಅಂಕಿಯನ್ನು ನೆನೆಯುವುದು ಒಳ್ಳೆಯದು. ನಿಯಮ ಮೀರುವ ಪದಗಳನ್ನು ಆ ತರಗತಿಯವರು ಹೇಗೆ ಕಲಿಸುತ್ತಾರೆಂದೂ ಕೇಳಿ. 'ಸೆಡ್' ಎಂಬ ಪದದಲ್ಲಿ ಮೊದಲಿನ ಎಸ್ ಮತ್ತು ಕೊನೆಯ ಡಿ ಕಲಿತಂತೆಯೇ ನಡೆದುಕೊಳ್ಳುತ್ತವೆ, ನಡುವಿನ ಎ–ಐ ಜೋಡಿ ಮಾತ್ರ ಅಡ್ಡದಾರಿ ಹಿಡಿಯುತ್ತದೆ. ಆ ಜೋಡಿಯ ಕೆಳಗೆ ಗೆರೆ ಎಳೆದು 'ಇದೊಂದನ್ನು ನೆನಪಿಡು' ಎನ್ನುವ ಶಿಕ್ಷಕರು ಇಡೀ ಪದವನ್ನು ಬಾಯಿಪಾಠ ಮಾಡಿಸುವವರಿಗಿಂತ ಮೇಲು.

ಕನ್ನಡದ ಕಿವಿ, ಇಂಗ್ಲಿಷಿನ ಧ್ವನಿ

ಪಾಠಕ್ರಮ ಯಾವುದೇ ಇರಲಿ, ಅದನ್ನು ಹೇಳಿಕೊಡುವವರ ನಾಲಿಗೆಯನ್ನು ನೀವು ಪರೀಕ್ಷಿಸಲೇಬೇಕು. ಬಿ ಅಕ್ಷರದ ಧ್ವನಿ ಏನೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು 'ಬ' ಎನ್ನುತ್ತೇವೆ. ಅದು ಧ್ವನಿ ಒಂದಲ್ಲ, ಎರಡು: 'ಬ್' ಮತ್ತು 'ಅ'. ಹಾಗೆ ಕಲಿತ ಮಗು 'ಬ್ಯಾಟ್' ಎಂಬ ಪದವನ್ನು 'ಬ, ಆ್ಯ, ಟ' ಎಂದು ಹೇಳಿ ಕೂಡಿಸಲು ಹೋದರೆ 'ಬಆ್ಯಟ' ಎಂಬ ವಿಚಿತ್ರವೊಂದು ಹೊರಬೀಳುತ್ತದೆ. ಮಗು ಅದನ್ನು ನಾಲ್ಕು ಸಲ ಹೇಳಿ, ಕೊನೆಗೆ ಚಿತ್ರ ನೋಡಿ 'ಬ್ಯಾಟ್' ಎನ್ನುತ್ತದೆ. ಕಲಿತ ವಿಧಾನದಿಂದ ಪ್ರಯೋಜನವಿಲ್ಲವೆಂಬ ಪಾಠವನ್ನೂ ಜೊತೆಗೇ ಕಲಿಯುತ್ತದೆ.

ಇಂಗ್ಲಿಷ್ ಬಲ್ಲವರಿಗಿಲ್ಲದ ಒಂದು ಸಲಕರಣೆ ಕನ್ನಡ ಬಲ್ಲವರ ಕೈಯಲ್ಲಿದೆ. ಸ್ವರವಿಲ್ಲದ ವ್ಯಂಜನವನ್ನು ಬರೆದು ತೋರಿಸುವ 'ಬ್, ಟ್, ಸ್' ರೂಪಗಳು ನಮ್ಮ ಲಿಪಿಯಲ್ಲೇ ಇವೆ. ಹೇಳಿಕೊಡುವ ಹಿರಿಯರು ತಮ್ಮ ಟಿಪ್ಪಣಿಯಲ್ಲಿ ಧ್ವನಿಗಳನ್ನು ಹೀಗೆ ಅರ್ಧಾಕ್ಷರದಲ್ಲಿ ಬರೆದುಕೊಂಡರೆ ಅರ್ಧ ತಪ್ಪು ಅಲ್ಲಿಗೇ ನಿಲ್ಲುತ್ತದೆ. ಎಳೆದು ಹೇಳಬಹುದಾದ 'ಸ್, ಮ್, ನ್, ಫ್, ಲ್' ಧ್ವನಿಗಳಿಂದ ಕೂಡಿಸುವಿಕೆಯನ್ನು ಆರಂಭಿಸುವುದು ಜಾಣತನ. 'ಸ್ಸ್ಸ್' ಎಂದು ಎಳೆಯುತ್ತಾ ಮುಂದಿನ ಸ್ವರಕ್ಕೆ ಜಾರಬಹುದು, 'ಟ್' ಅಥವಾ 'ಕ್' ಅನ್ನು ಹಾಗೆ ಎಳೆಯಲಾಗದು.

ಎರಡನೆಯ ತೊಡಕು ಪದದ ಕೊನೆಯದು. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುವುದರಿಂದ ನಮ್ಮ ಮಾತಿನಲ್ಲಿ 'ಬಸ್' ಬಸ್ಸಾಗುತ್ತದೆ, 'ಪೆನ್' ಪೆನ್ನಾಗುತ್ತದೆ. 'ಬಸ್ಸು' ಎನ್ನುವ ಮಗುವಿಗೆ ಕೊನೆಯ ಧ್ವನಿ ಯಾವುದೆಂದು ಕೇಳಿದರೆ 'ಉ' ಅಥವಾ 'ಸು' ಎನ್ನುತ್ತದೆ, ಮತ್ತು ಅದರ ಕಿವಿಯ ಮಟ್ಟಿಗೆ ಆ ಉತ್ತರ ಸರಿಯೇ. ಅಕ್ಷರ ತೋರಿಸುವ ಮೊದಲು ಕೆಲವು ದಿನ ಬಾಯಿಮಾತಿನಲ್ಲೇ 'ಬಸ್ಸು ಅನ್ನಬೇಡ, ಬಸ್ ಅನ್ನು' ಎಂಬ ಆಟ ಆಡಿಸದೆ ಇದು ಸರಿಹೋಗುವುದಿಲ್ಲ. 'ಪೆನ್' ಮತ್ತು 'ಪ್ಯಾನ್', 'ಕಪ್' ಮತ್ತು 'ಕ್ಯಾಪ್' ಜೋಡಿಗಳನ್ನೂ ಮೊದಲು ಕಿವಿಗೆ ಕೊಟ್ಟು, ಆಮೇಲೆ ಕಣ್ಣಿಗೆ ಕೊಡಬೇಕು. ಮೊದಲ ಓದಿಗೆ ಪದಗಳನ್ನು ಆರಿಸುವಾಗ 'ಬಸ್, ಪೆನ್, ಕಪ್, ಬ್ಯಾಗ್' ಮುಂತಾಗಿ ಮಗುವಿನ ಕನ್ನಡ ಮಾತಿನಲ್ಲೇ ಬೆರೆತಿರುವ ಪದಗಳನ್ನು ಮುಂದಿಟ್ಟರೆ, ಕೂಡಿಸಿದ ಕ್ಷಣದಲ್ಲೇ ಅರ್ಥವೂ ಕೈಗೆ ಸಿಗುತ್ತದೆ.

ಕನ್ನಡ ಓದಿಗೆ: ವರ್ಣಮಾಲೆಯೋ, ಆಕಾರದ ಗುಂಪೋ, ಪದವೋ?

ಕನ್ನಡದಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಇಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಹೆಚ್ಚಿನ ಜಗಳವಿಲ್ಲ. ಇರುವ ಕಷ್ಟ ಸಂಖ್ಯೆಯದು ಮತ್ತು ಜೋಡಣೆಯದು. ಮೂಲ ಅಕ್ಷರಗಳು 49 ಆದರೂ 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೆ 442 ಗುಣಿತಾಕ್ಷರಗಳಾಗುತ್ತವೆ, ಒತ್ತಕ್ಷರಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಗಳ ಮೇಲಿನ ಹಿಡಿತ ಪ್ರಾಥಮಿಕ ತರಗತಿಗಳ ಉದ್ದಕ್ಕೂ ನಿಧಾನವಾಗಿ ಬೆಳೆಯುತ್ತದೆಂದೂ, ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ಇನ್ನೂ ನಿಧಾನವೆಂದೂ ತೋರಿಸಿತು. 'ಕನ್ನಡ ಸುಲಭ, ಬರೆದಂತೆ ಓದುವುದು' ಎಂದು ಹೇಳಿ ಮೊದಲ ವರ್ಷದಲ್ಲೇ ಎಲ್ಲವನ್ನೂ ಮುಗಿಸಲು ಹೊರಡುವುದು ಆ ಕಾರಣಕ್ಕೆ ತಪ್ಪು.

ವರ್ಣಮಾಲೆಯ ಕ್ರಮದಲ್ಲೇ ಕಲಿಸುವುದಕ್ಕೆ ಒಂದು ಘನತೆಯಿದೆ. ಕಂಠದಿಂದ ತುಟಿಯವರೆಗೆ ಧ್ವನಿ ಹುಟ್ಟುವ ಸ್ಥಾನದ ಪ್ರಕಾರ ವರ್ಗಗಳನ್ನು ಜೋಡಿಸಿದ ಆ ಕ್ರಮವೇ ಒಂದು ಶಾಸ್ತ್ರ. ಆದರೆ ಓದಿನ ಆರಂಭಕ್ಕೆ ಅದು ಒಗ್ಗುವುದಿಲ್ಲ. ಸ್ವರಾಕ್ಷರಗಳು ಪದದ ಮೊದಲಲ್ಲಿ ಬಿಟ್ಟರೆ ಬೇರೆಲ್ಲೂ ಅದೇ ರೂಪದಲ್ಲಿ ಬರುವುದು ತೀರ ಕಡಿಮೆ. ಹದಿಮೂರನ್ನೂ ಕಲಿತ ಮಗುವಿಗೆ 'ಆ, ಈ' ಎಂಬಷ್ಟನ್ನು ಓದಲು ಬಂದೀತು. 'ಮರ' ಎಂದು ಓದಬೇಕಾದರೆ ಙ, ಞ, ಢ ಮುಂತಾದ ಅಕ್ಷರಗಳನ್ನೆಲ್ಲ ದಾಟಿ ಬರಬೇಕು, ಅದರಲ್ಲೂ ಙ, ಞ ಇಂದಿನ ಬರಹದಲ್ಲಿ ಸ್ವತಂತ್ರವಾಗಿ ಕಾಣಸಿಗುವುದೇ ಅಪರೂಪ. ವರ್ಣಮಾಲೆಯನ್ನು ಹಾಡಾಗಿ ಬಾಯಿಗೆ ಕೊಡಿ, ಕಣ್ಣಿಗೆ ಕೊಡುವ ಕ್ರಮ ಬೇರೆಯಿರಲಿ.

ಈಗ ಹೆಚ್ಚು ಬಳಕೆಯಲ್ಲಿರುವುದು ಆಕಾರ ಮತ್ತು ಬಳಕೆಯನ್ನು ಗಮನಿಸಿ ಮಾಡಿದ ಚಿಕ್ಕ ಗುಂಪುಗಳ ಕ್ರಮ: ಮೊದಲು ರ, ಗ, ಸ, ದ, ಅ. ಈ ಐದರಿಂದಲೇ 'ಸರ, ದರ, ಅರಸ, ಅಗಸ, ಸರಸ, ಗರಗಸ' ಎಂದು ಓದಬಹುದು. ಇಂಗ್ಲಿಷಿನ ಆರು ಅಕ್ಷರಗಳ ಆರಂಭಕ್ಕೂ ಇದಕ್ಕೂ ತತ್ತ್ವ ಒಂದೇ, ಕಡಿಮೆ ಬಂಡವಾಳದಲ್ಲಿ ಬೇಗ ಓದಿನ ಲಾಭ. ನನ್ನ ಆಯ್ಕೆಯೂ ಇದೇ, ಒಂದು ಎಚ್ಚರಿಕೆಯೊಂದಿಗೆ. ಒಂದೇ ಬಳುಕಿನ ಅಕ್ಷರಗಳನ್ನು ಒಟ್ಟಿಗೆ ಇಡುವುದು ಬರೆಯುವ ಕೈಗೆ ಅನುಕೂಲ, ಓದುವ ಕಣ್ಣಿಗೆ ಕೆಲವೊಮ್ಮೆ ಗೊಂದಲ. ವ ಮತ್ತು ಮ ಒಂದೇ ವಾರದಲ್ಲಿ ಬಂದರೆ, ಮುಂದೆ 'ವು' ಕಲಿಯುವಾಗ ಮಗು ಮೂರನ್ನೂ ಕಲಸಿಕೊಳ್ಳುವುದನ್ನು ನೋಡಬಹುದು. ಅಂಥ ಜೋಡಿಗಳ ನಡುವೆ ಹದಿನೈದು ದಿನಗಳ ಅಂತರವಿದ್ದರೆ ಸಾಕು.

ಪದದಿಂದ ಅಕ್ಷರಕ್ಕೆ ಇಳಿಯುವ ಕ್ರಮವು ಮಗುವಿನ ಹೆಸರಿನಿಂದ, ಮನೆಯವರ ಹೆಸರಿನಿಂದ ಆರಂಭವಾದಾಗ ಬಹಳ ಹಿತವಾಗಿರುತ್ತದೆ, ಮನೆಮಾತೇ ಆದ್ದರಿಂದ ಪದದ ಅರ್ಥ ಹೇಳುವ ಶ್ರಮವೂ ಇಲ್ಲ. ಅದು ಅಕ್ಷರಕ್ಕೆ ಇಳಿಯದೆ ಪದದಲ್ಲೇ ನಿಂತುಬಿಟ್ಟರೆ ಮಾತ್ರ ಕನ್ನಡದಲ್ಲಿ ಇಂಗ್ಲಿಷಿಗಿಂತ ಹೆಚ್ಚು ತೊಂದರೆ. 'ಮನೆ' ಎಂಬುದು ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರಿಗೆ ಎಂದು ಬೆಳೆಯುತ್ತಲೇ ಹೋಗುವ ಭಾಷೆಯಲ್ಲಿ ಪದಗಳನ್ನು ಆಕಾರದಿಂದ ನೆನಪಿಡುವುದು ಎಂದಿಗೂ ಮುಗಿಯದ ಕೆಲಸ. ಹಾಲು–ಹಲ್ಲು, ಕಾಲು–ಕಲ್ಲು, ಬಾಲ–ಬಲ ಜೋಡಿಗಳು ಬೇರೆ.

ಗುಣಿತದಲ್ಲಿ ನಿಜವಾದ ಆಯ್ಕೆ

ಮೂಲಾಕ್ಷರಗಳ ಕ್ರಮದ ಬಗ್ಗೆ ಎಷ್ಟು ಚರ್ಚಿಸಿದರೂ ಕನ್ನಡದ ಓದು ಗಟ್ಟಿಯಾಗುವುದು ಅಥವಾ ಕುಸಿಯುವುದು ಗುಣಿತದಲ್ಲಿ. ಇಲ್ಲಿ ಎರಡು ದಾರಿಗಳಿವೆ. ಒಂದು, 'ಕ ಕಾ ಕಿ ಕೀ' ಎಂದು ಒಂದು ವ್ಯಂಜನದ ಸಾಲನ್ನು ತಲಕಟ್ಟಿನಿಂದ ಔತ್ವದವರೆಗೆ ಹೇಳಿಸುವುದು. ಇನ್ನೊಂದು, ಒಂದು ಚಿಹ್ನೆಯನ್ನು ಹಿಡಿದು ಅದನ್ನು ಗೊತ್ತಿರುವ ಎಲ್ಲ ವ್ಯಂಜನಗಳಿಗೂ ಹಚ್ಚುವುದು: ಈ ವಾರ ಇಳಿ, ಆದ್ದರಿಂದ ರಾ, ಗಾ, ಸಾ, ದಾ, ಕೂಡಲೇ 'ದಾರ, ಸಾರ, ರಾಗ'.

ಸಾಲು ಹೇಳಿಸುವುದರಿಂದ ಏನಾಗುತ್ತದೆಂದು ಹೇಳುತ್ತೇನೆ. ಎರಡನೆಯ ತರಗತಿಯ ಹುಡುಗನೊಬ್ಬ ಕಕಾರದ ಗುಣಿತವನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದ. ಬಿಡಿ ಕಾಗದದ ಮೇಲೆ 'ಕೊ' ಎಂದು ಬರೆದು ಕೊಟ್ಟಾಗ ಅವನು ಸುಮ್ಮನಾದ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಿವಿಗೊಟ್ಟರೆ 'ಕ, ಕಾ, ಕಿ, ಕೀ...' ಎಂದು ಮೊದಲಿನಿಂದ ಎಣಿಸಿಕೊಂಡು ಬರುತ್ತಿದ್ದ. 'ಕೊ'ಗೆ ತಲುಪುವಷ್ಟರಲ್ಲಿ 'ಕೊಡೆ' ಎಂಬ ಪದದ ಉಳಿದ ಭಾಗ ಅವನ ಮನಸ್ಸಿನಿಂದ ಜಾರಿರುತ್ತಿತ್ತು. ಅವನಿಗೆ ಗುಣಿತ ಗೊತ್ತಿತ್ತು, ಒತ್ವ ಗೊತ್ತಿರಲಿಲ್ಲ. ಚಿಹ್ನೆಯನ್ನು ಹಿಡಿದು ಕಲಿಸುವ ಕ್ರಮದಲ್ಲಿ ಮಗು ಕಲಿಯುವುದು 442 ರೂಪಗಳನ್ನಲ್ಲ, 34 ವ್ಯಂಜನ ಮತ್ತು ಹನ್ನೆರಡು ಚಿಹ್ನೆಗಳನ್ನು, ಅವುಗಳನ್ನು ಕೂಡಿಸುವ ಒಂದು ಕೌಶಲವನ್ನು. 'ಕಿ ಅಂದರೆ ಕ್ ಜೊತೆ ಇ' ಎಂಬ ಅರಿವು ಇಲ್ಲಿಯೇ ಹುಟ್ಟಬೇಕು. ಮೂಲಾಕ್ಷರದ ಹಂತದಲ್ಲಿ 'ಕ'ವನ್ನು ಒಡೆದು ತೋರಿಸುವ ಅಗತ್ಯವಿಲ್ಲ, ಗುಣಿತದ ಹಂತದಲ್ಲಿ ಒಡೆಯದೆ ಗತ್ಯಂತರವಿಲ್ಲ. ಪು, ವು, ಮೊ, ಯೊ ಮುಂತಾಗಿ ಚಿಹ್ನೆ ತುಸು ಬೇರೆ ರೀತಿ ಕೂರುವ ಅಕ್ಷರಗಳನ್ನು ಕೊನೆಗೆ ಇಟ್ಟು, ಅವು ಬೇರೆ ಎಂದು ಹೇಳಿಯೇ ಕಲಿಸಬೇಕು.

ಒತ್ತಕ್ಷರಗಳಲ್ಲಿ ಕಣ್ಣಿನ ಕ್ರಮಕ್ಕೂ ಕಿವಿಯ ಕ್ರಮಕ್ಕೂ ಹೊಂದಾಣಿಕೆ ತಪ್ಪುವ ಜಾಗಗಳಿವೆ. 'ಅಕ್ಕಿ'ಯಲ್ಲಿ ಗುಡಿಸು ಮೇಲಿನ ಕಕಾರಕ್ಕೆ ಅಂಟಿಕೊಂಡಿದ್ದರೂ 'ಇ' ಕೇಳುವುದು ಒತ್ತಿನ ನಂತರ. 'ಸೂರ್ಯ'ದಲ್ಲಿ ಮೊದಲು ಕೇಳುವ 'ರ್' ಬರಹದಲ್ಲಿ ಯಕಾರದ ಆಚೆ ಕುಳಿತಿದೆ. ಮಗು 'ಸೂಯ್ರ' ಎಂದು ಓದಿದರೆ ಅದು ಅಜಾಗರೂಕತೆಯಲ್ಲ, ಎಡದಿಂದ ಬಲಕ್ಕೆ ಓದು ಎಂದು ನಾವು ಕೊಟ್ಟ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ್ದು. ಸೊನ್ನೆಯೂ ಹಾಗೆಯೇ: ಅಂಗಳ, ಅಂಚು, ಅಂಟು, ಅಂದ, ಅಂಬು ಐದರಲ್ಲೂ ಚಿಹ್ನೆ ಒಂದೇ, ಧ್ವನಿ ಐದು. ಮಾತಿನಲ್ಲಿ ಈ ಪದಗಳು ಗೊತ್ತಿರುವ ಮಗುವಿಗೆ ಇದನ್ನು ವಿವರಿಸಬೇಕಾಗಿಲ್ಲ, ನಾಲಿಗೆಯೇ ಸರಿಪಡಿಸಿಕೊಳ್ಳುತ್ತದೆ. ಪಾಠಕ್ರಮವೊಂದನ್ನು ಆರಿಸುವಾಗ ಅದರ ಮೊದಲ ಪುಟಗಳನ್ನು ಬಿಟ್ಟು ಅರ್ಕಾವತ್ತಿನ ಪಾಠವನ್ನು ತೆರೆದು ನೋಡಿ. ಅಲ್ಲಿ ಒಂದು ನಿಯಮ, ಹತ್ತಾರು ಪದಗಳು, ಓದಲು ನಾಲ್ಕು ಸಾಲುಗಳ ಕಥೆ ಇದ್ದರೆ ಆ ಪಾಠಕ್ರಮ ಯೋಚಿಸಿ ಮಾಡಿದ್ದು.

ಎರಡೂ ಲಿಪಿ ಒಟ್ಟಿಗೆ ಬೇಡವೇ?

ಮನೆಮಾತಿನ ಲಿಪಿ ಮೊದಲು ಎಂಬುದು ನನ್ನ ಸಲಹೆ. 'ಸ' ಮತ್ತು 'ರ' ಸೇರಿ 'ಸರ' ಆಗುತ್ತದೆ, ಅದು ತನಗೆ ಗೊತ್ತಿರುವ ವಸ್ತುವಿನ ಹೆಸರು ಎಂಬ ಮಿಂಚು ಒಮ್ಮೆ ಹೊಳೆದರೆ, ಬರಹವೆಂದರೇನು ಎಂಬುದು ಮಗುವಿಗೆ ತಿಳಿದಂತೆ. ಅದನ್ನು ಇನ್ನೊಂದು ಲಿಪಿಗೆ ಮತ್ತೆ ಕಲಿಸಬೇಕಾಗಿಲ್ಲ. ಕನ್ನಡದಲ್ಲಿ ಮೂರು ನಾಲ್ಕು ಚಿಹ್ನೆಗಳ ಗುಣಿತ ಬಂದ ಮೇಲೆ ಇಂಗ್ಲಿಷಿನ ಧ್ವನಿಗಳನ್ನು ಆರಂಭಿಸಿದರೆ, 'ಕ್' ಮತ್ತು 'ಇ' ಬೇರೆಬೇರೆ ಎಂಬ ಅರಿವು ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಶಾಲೆಯ ಒತ್ತಾಯದಿಂದ ಎರಡೂ ಒಟ್ಟಿಗೆ ನಡೆಯಲೇಬೇಕಾದರೆ ಬಾಯಿಮಾತಿನ ಧ್ವನಿಯಾಟಗಳನ್ನು ಎರಡಕ್ಕೂ ಹಂಚಿ, ಹೊಸ ಅಕ್ಷರಗಳನ್ನು ಮಾತ್ರ ಬೇರೆಬೇರೆ ಹೊತ್ತಿನಲ್ಲಿ ಕೊಡಿ.

ಪುಸ್ತಕ, ಆ್ಯಪ್ ಮತ್ತು ಹಿಂದುಳಿದ ಮಗು

ಮಗು ತಾನಾಗಿ ಓದುವ ಪುಸ್ತಕ ಮತ್ತು ನಾವು ಅದಕ್ಕೆ ಓದಿ ಹೇಳುವ ಪುಸ್ತಕ ಒಂದೇ ಆಗಿರಬೇಕಾಗಿಲ್ಲ. ಮೊದಲನೆಯದರಲ್ಲಿ ಕಲಿತ ಅಕ್ಷರಗಳು ಮಾತ್ರ ಇರಬೇಕು, ಕಥೆ ಸಪ್ಪೆಯಾದರೂ ಚಿಂತೆಯಿಲ್ಲ. ಎರಡನೆಯದು ಸೊಗಸಾಗಿರಬೇಕು, ಅಕ್ಷರ ಎಷ್ಟು ಕಷ್ಟವಿದ್ದರೂ ಅಡ್ಡಿಯಿಲ್ಲ. ಈ ಎರಡನ್ನು ಬೆರೆಸಿದಾಗಲೇ ಮಗು ಊಹೆಗೆ ಇಳಿಯುತ್ತದೆ. ಆ್ಯಪ್‌ಗಳ ವಿಷಯದಲ್ಲಿ ಒಂದೇ ಪರೀಕ್ಷೆ: ಅದು ಮಗುವಿನಿಂದ ಹೇಳಿಸುತ್ತದೆಯೋ, ಬರಿದೆ ಒತ್ತಿಸುತ್ತದೆಯೋ? ನಾಲ್ಕು ಚಿತ್ರಗಳಲ್ಲಿ ಒಂದನ್ನು ಒತ್ತುವುದು ಓದಲ್ಲ.

ಜೊತೆಯವರೆಲ್ಲ ಓದುತ್ತಿದ್ದರೂ ಮಗು ಹಿಂದುಳಿದಾಗ ಪದ್ಧತಿಯನ್ನೇ ಬದಲಿಸಿ ಇಡೀ ಪದಕ್ಕೆ ಹಾರುವ ಆಸೆ ಹುಟ್ಟುತ್ತದೆ. ಮಾಡಬೇಕಾದದ್ದು ಅದಕ್ಕೆ ವಿರುದ್ಧವಾದದ್ದು. ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದರಲ್ಲೇ ವಿಶೇಷ ತೊಡಕು, ಇರುವ ಮಕ್ಕಳಿಗೂ ಬೇಕಾದದ್ದು ಅದೇ ಅಕ್ಷರ–ಧ್ವನಿ ಪಾಠ, ಇನ್ನಷ್ಟು ಚಿಕ್ಕ ಹೆಜ್ಜೆಗಳಲ್ಲಿ, ಇನ್ನಷ್ಟು ಪುನರಾವರ್ತನೆಯೊಂದಿಗೆ. ಅದಕ್ಕೂ ಮೊದಲು ಕಿವಿ ಮತ್ತು ಕಣ್ಣನ್ನು ವೈದ್ಯರಲ್ಲಿ ತೋರಿಸಿಬಿಡಿ. 'ಪ' ಮತ್ತು 'ಬ' ವ್ಯತ್ಯಾಸ ಕೇಳದ ಮಗುವಿಗೆ ಯಾವ ಫೋನಿಕ್ಸೂ ನೆರವಾಗದು.

ಆರಿಸಿದ್ದು ಸರಿಯೇ ಎಂದು ತಿಳಿಯುವ ಬಗೆ

ಇಂಗ್ಲೆಂಡಿನಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ 40 ಪದಗಳ ಒಂದು ಸಣ್ಣ ಓದಿನ ಪರೀಕ್ಷೆ ನಡೆಯುತ್ತಿದೆ. ಅದರಲ್ಲಿ ಅರ್ಧದಷ್ಟು ಪದಗಳಿಗೆ ಅರ್ಥವೇ ಇಲ್ಲ; ಹಿಂದೆ ನೋಡಿ ನೆನಪಿಟ್ಟಿರಲು ಸಾಧ್ಯವಿಲ್ಲದ್ದರಿಂದ, ಅವನ್ನು ಓದಲು ಧ್ವನಿ ಕೂಡಿಸದೆ ಬೇರೆ ದಾರಿಯಿಲ್ಲ. ಇದನ್ನು ಮನೆಯಲ್ಲೂ ಮಾಡಬಹುದು. ಎರಡು ತಿಂಗಳ ಪಾಠವಾದ ಮೇಲೆ, ಮಗು ಕಲಿತ ಅಕ್ಷರ ಮತ್ತು ಚಿಹ್ನೆಗಳಿಂದಲೇ 'ಸಗಾರ, ದಿಗಸ, ರಾದಗಿ' ಎಂಬಂಥ ಹತ್ತು ಪೊಳ್ಳು ಪದಗಳನ್ನು ಕಟ್ಟಿ, ಇವು ಬೇರೆ ಲೋಕದ ಪ್ರಾಣಿಗಳ ಹೆಸರು ಎಂದು ಹೇಳಿ ಓದಲು ಕೊಡಿ. ಅಂಕ ಹಾಕಬೇಡಿ, ಬೆರಳನ್ನು ಮಾತ್ರ ಗಮನಿಸಿ. ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತಾ ಹೋದರೆ, ಓದು ಎಷ್ಟೇ ನಿಧಾನವಾಗಿದ್ದರೂ ಪಾಠವನ್ನು ಹಾಗೆಯೇ ಮುಂದುವರಿಸಿ. 'ಸಗಾರ' ಎಂಬಲ್ಲಿ 'ಸಾಗರ' ಎಂಬ ಉತ್ತರ ಥಟ್ಟನೆ ಬಂದರೆ, ಹೊಸ ಅಕ್ಷರಗಳನ್ನು ನಿಲ್ಲಿಸಿ ಇಳಿಯ ಪಾಠಕ್ಕೆ ಎರಡು ವಾರ ಹಿಂದಿರುಗಿ. ಚಿತ್ರವಿರುವ ಪುಸ್ತಕಗಳನ್ನು ಆ ಎರಡು ವಾರ ನೀವೇ ಓದಿ ಹೇಳಿ.